ಶಾರ್ಟ್‌ಹ್ಯಾಂಡ್ ಪಾಪಯ್ಯನ ಬಿ.ಕಾಂ.

ಹಾಸನದಲ್ಲಿ ಸಂಜೆ ಕಾಲೇಜು ಶುರುವಾಗುತ್ತದಂತೆ, ಕೆಲಸದಲ್ಲಿರುವವರೂ ಬಿ.ಕಾಂ. ಓದಬಹುದಂತೆ ಎಂಬ ಸುದ್ದಿ ೧೯೬೪ರ ಬೇಸಿಗೆಯಲ್ಲಿ ಕಚೇರಿಯಿಂದ ಕಚೇರಿಗೆ ಹಬ್ಬಿತು. ಪಾಪಯ್ಯ ಅದನ್ನು ಕೇಳಿಸಿಕೊಂಡು ಮೂರು ದಿನ ಯಾರಿಗೂ ಹೇಳದೆ ಓಡಾಡಿದ. ಅವನಿಗಾಗ ಮೂವತ್ತೊಂದು. ಬಾಗೂರಿನ ಕೇರಿಯ ಕೂಲಿ ಮನೆಯಿಂದ ಬಂದವನು. ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿ ಮುಗಿಸಿ, ಹಾಸನದಲ್ಲಿ ಇಂಟರ್‌ಮೀಡಿಯೇಟ್ ಪಾಸಾಗುವ ಹೊತ್ತಿಗೆ ಅಪ್ಪ ತೀರಿಕೊಂಡ. ಓದು ಅಲ್ಲಿಗೇ ನಿಂತಿತು. ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟಾದ. ಸಾಹೇಬರು ಎಷ್ಟೇ ವೇಗವಾಗಿ ಹೇಳಿಕೊಂಡು ಹೋದರೂ ಒಂದು ಮಾತು ಬಿಡದೆ ಬರೆದುಕೊಳ್ಳುತ್ತಿದ್ದುದರಿಂದ ಶಾರ್ಟ್‌ಹ್ಯಾಂಡ್ ಪಾಪಯ್ಯ ಎಂದೇ ಹೆಸರಾಗಿತ್ತು.

ನಾಲ್ಕನೇ ದಿನ ಊಟಕ್ಕೆ ಕೂತಾಗ ಹೆಂಡತಿ ಸಣ್ಣಕ್ಕನ ಮುಂದೆ ಬಾಯಿಬಿಟ್ಟ.

“ಈ ವಯಸ್ಸಲ್ಲಿ ಕಾಲೇಜ್ಗೋದ್ರೆ ಜನ ನಗಾಡಲ್ವಾ?”

“ನಗ್ಲಿ ಬುಡಿ. ಸಂಜೆ ಒತ್ತು ಮನೇಲಿದ್ದು ನೀವು ನೀರು ಸೇದ್ಕೊಟ್ಟಿದ್ದು ಅಷ್ಟ್ರಲ್ಲೇ ಐತೆ,” ಎಂದಳು ಸಣ್ಣಕ್ಕ. “ಓಗಿ ಸೇರ್ಕಳಿ.”

ಕಾಲೇಜು ಅಂದರೆ ಅದಕ್ಕೊಂದು ಕಟ್ಟಡವೇನೂ ಇರಲಿಲ್ಲ. ಮಿಡ್ಲ್ ಸ್ಕೂಲಿನ ಮಕ್ಕಳು ಮನೆಗೆ ಹೋದ ಮೇಲೆ ಅದೇ ಕೋಣೆಯಲ್ಲಿ ಆರು ಗಂಟೆಗೆ ಪಾಠ. ಮೊದಲ ಸಂಜೆ ಇಪ್ಪತ್ತೆರಡು ಜನ ಬಂದಿದ್ದರು. ಬೆಂಚುಗಳು ಹತ್ತು ವರ್ಷದ ಹುಡುಗರ ಅಳತೆಯವು. ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಡ್ಯೂಟಿಯಿಂದ ನೇರವಾಗಿ ಬಂದ ಪೋಲೀಸು ಕೆಂಚಯ್ಯ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೊಳೆನರಸೀಪುರದ ಜಮೀನುದಾರರ ಮನೆಯ ದೇವರಾಜು, ಬ್ಯಾಂಕಿನಲ್ಲಿ ಗುಮಾಸ್ತೆ, ಇಸ್ತ್ರಿ ಮಾಡಿದ ಪಂಚೆ ಮುದುರಿಹೋಗುತ್ತದೆಂದು ಕೂರಲೋ ಬೇಡವೋ ಎಂದು ನೋಡುತ್ತಿದ್ದ. ಪಾಪಯ್ಯ ಬಂದು ಅವನ ಪಕ್ಕ ಕೂತಾಗ ಮೆಲ್ಲನೆ ಎದ್ದು ಹಿಂದಿನ ಬೆಂಚಿಗೆ ಹೋದ. ಯಾಕೆಂದು ಪಾಪಯ್ಯ ಕೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ತೆಳ್ಳಗೆ, ಎಣ್ಣೆ ಹಚ್ಚಿ ತಲೆ ಬಾಚಿದ ಒಬ್ಬ ಹುಡುಗ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲು ಹಿಂಜರಿಯುತ್ತಿರುವಂತೆ ಕಂಡಿತು. ಪಾಪಯ್ಯ ಬೆಂಚಿನಲ್ಲಿ ಸರಿದು ಕೂತು ಕರೆದ: “ಬಾರಪ್ಪ, ಇಲ್ಲಿ ಜಾಗ ಐತೆ. ಮೇಷ್ಟ್ರು ಇನ್ನೂ ಬಂದಿಲ್ಲ.”

ಹುಡುಗ ಬಂದು ಅವನ ಪಕ್ಕದಲ್ಲಿ ಕೂತ. ಒಂದು ನಿಮಿಷ ನೆಲ ನೋಡಿದ. ಆಮೇಲೆ ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ತನ್ನ ಹೆಸರು ಬರೆದ. ರಂಗಸ್ವಾಮಿ, ಎಂ.ಕಾಂ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಇಡೀ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನು ಮೇಷ್ಟ್ರೇ.

ಹೆದರಿಕೆ ಮುಚ್ಚಿಕೊಳ್ಳಲು ರಂಗಸ್ವಾಮಿ ಹಿಡಿದ ದಾರಿಯೆಂದರೆ ವೇಗ. ಆರು ಗಂಟೆಗೆ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಗಂಟೆ ಹೊಡೆಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ಹಗಲೆಲ್ಲ ದುಡಿದು ಬಂದವರ ತಲೆಯ ಮೇಲೆ ಮಾತು ಹಾದುಹೋಗುತ್ತಿತ್ತು. ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಆರು ಜನ ಬಿಟ್ಟರು. ಉಳಿದವರಲ್ಲಿ ಕೆಂಚಯ್ಯ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಅಭ್ಯಾಸ ಮಾಡಿಕೊಂಡ.

ಪಾಪಯ್ಯನಿಗೂ ಅರ್ಥವಾಗುತ್ತಿರಲಿಲ್ಲ. ಆದರೆ ಅವನ ಕೈಗೆ ಅರ್ಥ ಬೇಕಿರಲಿಲ್ಲ. ಮೇಷ್ಟ್ರ ಬಾಯಿಂದ ಬಿದ್ದದ್ದನ್ನೆಲ್ಲ ಅದು ಬರೆದುಕೊಳ್ಳುತ್ತಿತ್ತು. ಬೆಳಿಗ್ಗೆ ಕಚೇರಿಗೆ ಮುಂಚೆ ಪರಿಚಯದವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ, ಖಾಲಿಯಿದ್ದ ಹಳೆಯ ಮಿಷನ್ನಿನ ಮೇಲೆ ನಾಲ್ಕು ಕಾರ್ಬನ್ ಇಟ್ಟು ಆ ಪಾಠವನ್ನು ಟೈಪು ಮಾಡುತ್ತಿದ್ದ. ಐದನೇ ಪ್ರತಿ ದೀಪಕ್ಕೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಆದರೂ ಅದಕ್ಕೂ ಗಿರಾಕಿಗಳಿದ್ದರು. ಒಂದು ಸಂಜೆ ದೇವರಾಜು ಬಂದು ಗೋಡೆ ನೋಡಿಕೊಂಡು, “ನೋಟ್ಸ್ ಬೇಕಿತ್ತು,” ಎಂದ. ಪಾಪಯ್ಯ ಮೊದಲನೇ ಪ್ರತಿಯನ್ನೇ ಕೊಟ್ಟ.

ಒಂದು ಪ್ರತಿ ಹೇಗೋ ರಂಗಸ್ವಾಮಿಯ ಕೈಗೆ ಸಿಕ್ಕಿತು. ಮಾರನೆಯ ದಿನ ಪಾಠಕ್ಕೆ ಮುಂಚೆ ಅವರು ಪಾಪಯ್ಯನನ್ನು ಜಗಲಿಗೆ ಕರೆದರು. ಕಿವಿ ಕೆಂಪಾಗಿತ್ತು.

“ಪಾಪಯ್ಯನವರೇ, ಇದು ನೀವು ಮಾಡಿದ್ದಾ?”

“ಹೂಂ ಸಾ. ತಪ್ಪಾಗಿದ್ರೆ ಒಟ್ಟೆಗಾಕ್ಕಳಿ.”

“ತಪ್ಪೇನಿಲ್ಲ. ಆದರೆ ಇದರಲ್ಲಿ ಎರಡು ಮಾತಿಗೊಂದು ಸಲ ‘ಯೂ ಸೀ, ಯೂ ಸೀ’ ಅಂತ ಇದೆಯಲ್ಲ, ನಾನು ಅಷ್ಟು ಸಲ ಅಂತೀನಾ?”

“ಮಂಗಳವಾರ ನಲವತ್ತಮೂರು ಸಲ ಅಂದ್ರಿ ಸಾ. ಬುಟ್ಬುಡೋಣ ಅಂದ್ಕಂಡೆ. ಪಾಠ ನಿಮ್ದು, ನಾನ್ಯಾಕೆ ಕಡ್ಮೆ ಮಾಡ್ಲಿ ಅಂತ ಎಲ್ಲಾ ಆಕ್ದೆ.”

ರಂಗಸ್ವಾಮಿ ಅವನ ಮುಖ ನೋಡಿದರು. ಅದರಲ್ಲಿ ಕುಹಕ ಕಾಣಲಿಲ್ಲ. ನಗು ತಡೆಯಲಾಗದೆ ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. ಆ ಊರಿಗೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು.

“ಸರಿ, ಇಷ್ಟೆಲ್ಲ ಬರೆದಿರಲ್ಲ, ಏನು ಅರ್ಥವಾಯಿತು ಹೇಳಿ.”

“ನಿಜ ಯೋಳ್ಬೇಕಾ ಸಾ? ಕೈಗೆ ಬಂದೈತೆ, ತಲೆಗೆ ಬಂದಿಲ್ಲ.”

ಅಲ್ಲಿಂದ ಅವರಿಬ್ಬರ ನಡುವೆ ಒಂದು ಏರ್ಪಾಡಾಯಿತು. ಐದೂವರೆಗೆ ಶಾಲೆಯ ಎದುರಿನ ಹೋಟೆಲಿನಲ್ಲಿ ಕಾಫಿ. ಅಂದಿನ ಪಾಠವನ್ನು ಮೇಷ್ಟ್ರು ಕನ್ನಡದಲ್ಲಿ ಹೇಳುವುದು, ಪಾಪಯ್ಯ ತಿಳಿಯದ್ದನ್ನು ತಿಳಿಯದೆಂದು ಹೇಳುವುದು. ಅವನಿಗೆ ತಿಳಿದ ಮೇಲೆ ಅದೇ ಮಾತಿನಲ್ಲಿ ತರಗತಿಗೆ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸುವುದು. ಕೆಂಚಯ್ಯ ಎಚ್ಚರವಾದ. ಬಿಟ್ಟುಹೋಗಿದ್ದವರಲ್ಲಿ ಇಬ್ಬರು ವಾಪಸು ಬಂದರು.

ಪಾಪಯ್ಯ ಮನೆಗೆ ಹೋಗಿ ಅದನ್ನೆಲ್ಲ ಸಣ್ಣಕ್ಕನಿಗೆ ಒಪ್ಪಿಸುತ್ತಿದ್ದ. ಹೇಳಿದರೆ ನೆನಪಿರುತ್ತದೆ ಎಂಬುದು ಅವನ ಲೆಕ್ಕಾಚಾರ. ಸಣ್ಣಕ್ಕ ಅಕ್ಕಿ ಆರಿಸುತ್ತಲೋ ಹೂ ಕಟ್ಟುತ್ತಲೋ ಕೇಳುವಳು. ವಿಮೆಯ ಪಾಠವಾದ ದಿನ ಅವಳು ಕೈ ನಿಲ್ಲಿಸಿ ಕೇಳಿದಳು:

“ಅಲ್ಲಾ, ವಸ್ತು ನಮ್ದಲ್ದಿದ್ರೂ ವಿಮೆ ಕಟ್ಬೋದಾ? ಪಕ್ಕದ್ಮನೆ ದೊಡ್ಡತಾಯಮ್ಮನ ಎಮ್ಮೆ ಮುದಿಯಾಗೈತೆ. ಅದ್ರ ಮ್ಯಾಲೆ ನಾವು ಕಟ್ಟಿದ್ರೆ, ಅದು ಸತ್ತಾಗ ನಮ್ಗೆ ಬತ್ತದಾ?”

ಪಾಪಯ್ಯ ಆ ಪ್ರಶ್ನೆಯನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡ. ಮಾರನೆಯ ದಿನ ಹೋಟೆಲಿನಲ್ಲಿ ಕೇಳಿದ. ರಂಗಸ್ವಾಮಿಗೆ ಕಾಫಿ ನೆತ್ತಿಗೇರಿತು.

“ರೀ, ನಾನು ನಿನ್ನೆ ಮುಕ್ಕಾಲು ಗಂಟೆ ಒದ್ದಾಡಿದ್ದೇ ಇದನ್ನು ವಿವರಿಸಲು! ವಸ್ತು ಹಾಳಾದರೆ ಯಾರಿಗೆ ನಷ್ಟವೋ ಅವರು ಮಾತ್ರ ವಿಮೆ ಮಾಡಿಸಬಹುದು. ಇಲ್ಲದಿದ್ದರೆ ಊರಿನವರೆಲ್ಲ ಪಕ್ಕದ ಮನೆ ಎಮ್ಮೆ ಯಾವಾಗ ಸಾಯುತ್ತೆ ಅಂತ ಕಾಯ್ತಾ ಕೂತಿರ್ತಿದ್ದರು.”

ಆ ಸಂಜೆ ಬೋರ್ಡಿನ ಮೇಲೆ ಎಮ್ಮೆಯ ಚಿತ್ರವೇ ಬಂತು. ಅದು ಹಂದಿಯ ಹಾಗಿತ್ತಾದರೂ ಪಾಠ ಒಬ್ಬರಿಗೂ ಮರೆಯಲಿಲ್ಲ. ವರ್ಷದ ಕೊನೆಗೆ ಉತ್ತರಪತ್ರಿಕೆ ತಿದ್ದಿದ ಪುಣ್ಯಾತ್ಮರು, ಹಾಸನದವರೆಲ್ಲ ಒಂದೇ ಎಮ್ಮೆಯ ವಿಷಯ ಯಾಕೆ ಬರೆದಿದ್ದಾರೆಂದು ತಲೆ ಕೆರೆದುಕೊಂಡಿರಬೇಕು. ಅಂದಿನಿಂದ ರಂಗಸ್ವಾಮಿ ಕಾಫಿ ಲೋಟ ಮುಟ್ಟುವ ಮೊದಲೇ ಕೇಳುತ್ತಿದ್ದರು: “ಮನೆಯಲ್ಲಿ ಏನಂದರು?”

ಎರಡನೇ ವರ್ಷ ದಸರಾ ರಜೆ ಮುಗಿಯುತ್ತಿದ್ದಂತೆ ಪಾಪಯ್ಯನಿಗೆ ಅರಕಲಗೂಡಿಗೆ ವರ್ಗವಾಯಿತು. ಸಂಸಾರವನ್ನು ಹಾಸನದಲ್ಲೇ ಬಿಟ್ಟು ದಿನವೂ ಬಸ್ಸಿನಲ್ಲಿ ಹೋಗಿ ಬರತೊಡಗಿದ. ಕಚೇರಿ ಮುಗಿಸಿ ಓಡಿ ಬಸ್ಸು ಹಿಡಿದರೂ ಹಾಸನ ಮುಟ್ಟುವಾಗ ಏಳು ಹತ್ತಿರವಾಗುತ್ತಿತ್ತು. ಮೊದಲ ಪಿರಿಯಡ್ಡು ದಿನವೂ ಹೋಯಿತು. ಡಿಸೆಂಬರಿನಲ್ಲಿ ಹಾಜರಿ ಕೂಡಿ ನೋಡಿದರೆ ನೂರಕ್ಕೆ ಎಪ್ಪತ್ತೈದು ಬರುವ ಹಾಗೆ ಕಾಣಲಿಲ್ಲ. ಅಷ್ಟಿಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ಕೆಂಚಯ್ಯ ಅವನನ್ನು ಮರೆಗೆ ಕರೆದ. “ಲೇ ಪಾಪಯ್ಯ, ನಿನ್ನೆಸ್ರು ಕೂಗ್ದಾಗ ನಾನೇ ಗಂಟ್ಲು ಬದ್ಲಾಯ್ಸಿ ‘ಪ್ರೆಸೆಂಟ್ ಸಾ’ ಅಂತೀನಿ ಕಣ್ಲಾ.”

“ನೀನು ಪೋಲೀಸು ಕಣ್ಲಾ, ಕೆಂಚಯ್ಯ!”

“ಅದ್ಕೇ ಯೋಳ್ತಿರೋದು. ನನ್ ಮ್ಯಾಲೆ ಯಾವನ್ಗೂ ಅನ್ಮಾನ ಬರಾಕಿಲ್ಲ.”

ಪಾಪಯ್ಯ ನಕ್ಕ, ಆದರೆ ಒಪ್ಪಲಿಲ್ಲ. ಸುಳ್ಳು ಹಾಜರಿಯಲ್ಲಿ ಪಾಸಾದರೆ ಸಣ್ಣಕ್ಕನ ಮುಂದೆ ಕೂತು ಪಾಠ ಒಪ್ಪಿಸುವುದು ಹೇಗೆ? ಈ ವರ್ಷ ಬಿಟ್ಟುಬಿಡುತ್ತೇನೆ ಎಂದು ಹೇಳಲು ರಂಗಸ್ವಾಮಿಯ ಹತ್ತಿರ ಹೋದ. ಮೇಷ್ಟ್ರು ಅವನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು. ಪ್ರಿನ್ಸಿಪಾಲರು ನಿಯಮಕ್ಕೆ ಕಟ್ಟುಬಿದ್ದ ವಯಸ್ಸಾದವರು.

“ಹಾಜರಿ ಪುಸ್ತಕದಲ್ಲಿ ನಾನು ಸುಳ್ಳು ಬರೆಯಲಾರೆ, ರಂಗಸ್ವಾಮಿ.”

“ಬರೆಯಬೇಡಿ ಸಾರ್. ಮೊದಲ ಪಿರಿಯಡ್ಡಿನ ವಿಷಯಗಳಿಗೆ ಭಾನುವಾರ ವಿಶೇಷ ತರಗತಿ ಮಾಡಿದರೆ? ಅದಕ್ಕೂ ಹಾಜರಿ ಹಾಕಬಹುದಲ್ಲ?”

ಪ್ರಿನ್ಸಿಪಾಲರು ನಿಯಮದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ತಿರುವಿದರು. ಬೇಡವೆಂದು ಎಲ್ಲೂ ಇರಲಿಲ್ಲ. “ಆದರೆ ಒಬ್ಬನಿಗಾಗಿ ತರಗತಿ ಮಾಡುವ ಹಾಗಿಲ್ಲ. ಎಲ್ಲರೂ ಬರಬೇಕು,” ಎಂದರು.

ವಾರಕ್ಕೊಂದೇ ರಜೆ. ಅದನ್ನೂ ಬಿಟ್ಟುಕೊಡಿ ಎಂದು ಸಂಸಾರಸ್ಥರನ್ನು ಕೇಳುವುದು ಹೇಗೆಂದು ಪಾಪಯ್ಯ ಬೆವರಿದ. ರಂಗಸ್ವಾಮಿ ತರಗತಿಯಲ್ಲಿ ವಿಷಯ ಹೇಳಿದರು. ಹಿಂದಿನ ಬೆಂಚಿನಿಂದ ದೇವರಾಜು ಎದ್ದು ನಿಂತ.

“ಎರಡು ವರ್ಷದಿಂದ ಅವರ ನೋಟ್ಸ್ ಓದ್ತಿದ್ದೀವಿ ಸಾರ್. ಭಾನುವಾರ ಊರಿಗೆ ಹೋಗಿದ್ರೂ ನಾನು ಹೊಳೆನರಸೀಪುರದಿಂದ ರೈಲಲ್ಲಿ ಬರ್ತೀನಿ.”

ಮುಂದೆ ಯಾರೂ ಇಲ್ಲವೆನ್ನಲಿಲ್ಲ.

ಹೀಗೆ ಒಂಬತ್ತು ಭಾನುವಾರ ಪಾಠವಾಯಿತು. ಚಳಿಗಾಲದ ಬಿಸಿಲು ಹಿತವಾಗಿತ್ತು. ಕೋಣೆ ಬಿಟ್ಟು ಶಾಲೆಯ ಅಂಗಳದ ಹುಣಸೆಮರದ ಕೆಳಗೆ ಬೋರ್ಡು ತಂದಿಟ್ಟರು. ರಜೆಯ ದಿನವಾದ್ದರಿಂದ ಕೆಲವರು ಹೆಂಡತಿ ಮಕ್ಕಳನ್ನೂ ಕರೆತಂದರು. ಸಣ್ಣಕ್ಕನ ತವರು ದೊಡ್ಡಗದ್ದವಳ್ಳಿ. ಅಲ್ಲಿಂದ ಮೂಟೆಗಟ್ಟಲೆ ಅವರೆಕಾಯಿ ಬಂದಿತ್ತು. ಅವಳು ದೊಡ್ಡ ಪಾತ್ರೆಯಲ್ಲಿ ಅವರೆಕಾಳಿನ ಉಪ್ಪಿಟ್ಟು ಮಾಡಿ ಮಧ್ಯಾಹ್ನದ ಹೊತ್ತಿಗೆ ಹೊತ್ತು ತಂದಳು. ರಂಗಸ್ವಾಮಿ ಎರಡು ಸಲ ಹಾಕಿಸಿಕೊಂಡರು. ದೇವರಾಜು ತನಗೆ ಆ ದಿನ ಉಪವಾಸವೆಂದ. ಮುಂದಿನ ಭಾನುವಾರವೂ ಉಪವಾಸವೆಂದ. ಮೂರನೆಯ ವಾರ ಉಪ್ಪಿಟ್ಟಿನ ಘಮ ಮೂಗಿಗೆ ಬಡಿದಾಗ ಅವನಿಗೆ ಉಪವಾಸ ನೆನಪಾಗಲಿಲ್ಲ. ಎಲೆ ಹಿಡಿದು ಸಾಲಿನಲ್ಲಿ ಬಂದು ನಿಂತ.

“ಇನ್ನೊಸಿ ಆಕ್ಲಾ ಅಣ್ಣ?” ಎಂದಳು ಸಣ್ಣಕ್ಕ.

“ಹಾಕವ್ವ,” ಎಂದ ದೇವರಾಜು.

ಪಾಪಯ್ಯ ಅದನ್ನು ನೋಡಿದ. ನೀರಿನ ಚೊಂಬು ತಂದು ಅವನ ಪಕ್ಕದಲ್ಲಿ ಇಟ್ಟ.

ಮಾರ್ಚಿನಲ್ಲಿ ಪಾಪಯ್ಯನ ಹಾಜರಿ ಎಪ್ಪತ್ತಾರಾಯಿತು. ಪ್ರಿನ್ಸಿಪಾಲರು ಮೂರು ಸಲ ಕೂಡಿ ನೋಡಿ ರುಜು ಹಾಕಿದರು. ಮರುವರ್ಷವೂ ಭಾನುವಾರದ ಪಾಠ ನಡೆಯಿತು. ಕೊನೆಯ ಪರೀಕ್ಷೆಗೆ ಕೂತವರು ಹದಿನಾಲ್ಕು ಜನ, ಪಾಸಾದವರು ಒಂಬತ್ತು. ಪಾಪಯ್ಯನಿಗೆ ಸೆಕೆಂಡ್ ಕ್ಲಾಸು. ಕೆಂಚಯ್ಯನಿಗೆ ಒಂದು ವಿಷಯ ಉಳಿಯಿತು. ಅದನ್ನೂ ಅಕ್ಟೋಬರಿನಲ್ಲಿ ಮುಗಿಸಿಕೊಂಡ. ಬಾಗೂರಿನಲ್ಲಿದ್ದ ಪಾಪಯ್ಯನ ತಾಯಿ ಮಾರಮ್ಮ, “ಬಿ.ಕಾಂ. ಅಂದ್ರೆ ಏನ್ಲಾ ಮಗ?” ಎಂದು ಕೇಳಿದಳು. “ಯಾಪಾರದ ಓದು ಕಣವ್ವ,” ಎಂದ. “ಅಂಗಾರೆ ಅಂಗ್ಡಿ ಎಲ್ಲಿ ಮಡಗ್ತೀಯೆ?” ಎಂದಳು ಮುದುಕಿ.

ಅಂಗಡಿ ಇಡಲಿಲ್ಲ. ೧೯೬೮ರಲ್ಲಿ ಹಾಸನಕ್ಕೇ ವಾಪಸು ವರ್ಗವಾಗಿ, ಹೆಡ್ ಕ್ಲಾರ್ಕ್ ಆದ. ಅದೇ ವರ್ಷ ರಂಗಸ್ವಾಮಿ ಮನೆಗೆ ಬಂದು, ವಾರಕ್ಕೆರಡು ಸಂಜೆ ವ್ಯಾಪಾರ ಪತ್ರಗಳ ಪಾಠ ಮಾಡಲು ಜನ ಬೇಕಾಗಿದೆ, ಪ್ರಿನ್ಸಿಪಾಲರೂ ಒಪ್ಪಿದ್ದಾರೆ ಎಂದರು.

“ನಾನಾ ಸಾ? ನಂಗೆ ಮೇಷ್ಟ್ರಿಕೆ ಬರಾಕಿಲ್ಲ.”

“ನನಗೂ ಬರುತ್ತಿರಲಿಲ್ಲವಲ್ಲ ರೀ,” ಎಂದರು ರಂಗಸ್ವಾಮಿ.

ಮೊದಲ ಸಂಜೆಯ ಪಾಠ, ದೂರಿನ ಪತ್ರ ಬರೆಯುವ ರೀತಿ. ಮೂವತ್ತು ಜನರ ನಡುವೆ ಇಬ್ಬರು ಹೆಂಗಸರಿದ್ದರು. ಅವರಲ್ಲೊಬ್ಬಳು ರೇವಮ್ಮ, ನರ್ಸು. ಪಾಪಯ್ಯ ಬೋರ್ಡಿನ ಮೇಲೆ ನಮೂನೆ ಬರೆದು ಮುಗಿಸುವ ಮೊದಲೇ ಅವಳು ಎದ್ದಳು.

“ಸಾರ್, ಹೀಗೇ ಮೂರು ಪತ್ರ ಬರೆದೆ. ಉತ್ತರವೇ ಬಂದಿಲ್ಲ. ಆಮೇಲೇನು ಮಾಡಬೇಕು?”

ಪತ್ರಿಕೆಯ ಜಾಹೀರಾತು ನೋಡಿ ಅವಳು ದೂರದ ಊರಿನ ಯಾವುದೋ ಅಂಗಡಿಯಿಂದ ಅಂಚೆಯಲ್ಲಿ ಕೈಗಡಿಯಾರ ತರಿಸಿದ್ದಳು. ರೋಗಿಯ ನಾಡಿ ನೋಡಲು ಅದು ಬೇಕಿತ್ತು. ಬಂದ ದಿನದಿಂದ ಅದು ಅಲ್ಲಾಡಿಸಿದರೆ ನಡೆಯುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು.

ಪಾಪಯ್ಯ ಬೋರ್ಡು ಒರೆಸಿದ. “ನೀವೇನ್ ಬರ್ದಿದ್ರಿ, ಯೋಳಮ್ಮ.” ಅವಳು ಹೇಳಿದಳು. ಬೈಗುಳ ತುಂಬ ಇತ್ತು, ಗಡಿಯಾರದ ನಂಬರು ಎಲ್ಲೂ ಇರಲಿಲ್ಲ. ತರಗತಿಯವರೆಲ್ಲ ಸೇರಿ ಒಂದೊಂದು ಸಾಲು ಕಟ್ಟಿದರು. ಒಬ್ಬ ತಾರೀಖು ಕೇಳಿದ, ಇನ್ನೊಬ್ಬ ರಸೀದಿಯ ನಂಬರು ಹಾಕಿಸಿದ. ಬೈಗುಳ ಒಂದೊಂದಾಗಿ ಬಿದ್ದುಹೋಯಿತು. ಕೊನೆಗೆ ಉಳಿದದ್ದು ಎಂಟೇ ಸಾಲು. ಪಾಪಯ್ಯ ಅದನ್ನು ಟೈಪು ಮಾಡಿ, ರೇವಮ್ಮನ ರುಜು ಹಾಕಿಸಿ ರಿಜಿಸ್ಟರ್ ಅಂಚೆಗೆ ಕೊಡಿಸಿದ.

ಇಪ್ಪತ್ತು ದಿನ ಏನೂ ಇಲ್ಲ. ತರಗತಿಯವರು ದಿನವೂ ಕೇಳಿ ಕೇಳಿ ಸುಮ್ಮನಾದರು. ಇಪ್ಪತ್ತೊಂದನೆಯ ಸಂಜೆ ರೇವಮ್ಮ ಬಿಳಿ ಸೀರೆಯಲ್ಲೇ ಓಡಿ ಬಂದಳು. ಪಾಠ ಅರ್ಧ ನಡೆದಿತ್ತು. ನೇರವಾಗಿ ಮೇಜಿನ ಹತ್ತಿರ ಬಂದು, ಕೈ ಮುಂದಕ್ಕೆ ಚಾಚಿ ಅಂಗಡಿಯವರು ಬದಲಿಗೆ ಕಳಿಸಿದ ಹೊಸ ಗಡಿಯಾರವನ್ನು ಪಾಪಯ್ಯನ ಕಿವಿಗೆ ಹಿಡಿದಳು.

“ಶ್!” ಎಂದ ಪಾಪಯ್ಯ. ಮೂವತ್ತು ಜನ ಉಸಿರು ಹಿಡಿದು ಅವನ ಮುಖ ನೋಡುತ್ತಿದ್ದರು.

“ನಡೀತೈತೆ ಕಣ್ರಪ್ಪ!” ಎಂದು ಅವನು ಕೂಗಿದಾಗ ಎದ್ದ ಗಲಾಟೆಗೆ ಪಕ್ಕದ ಕೋಣೆಯಿಂದ ರಂಗಸ್ವಾಮಿ ಸೀಮೆಸುಣ್ಣದ ಕೈಯಲ್ಲೇ ಓಡಿ ಬಂದರು.