ಡೊಂಕು ನೆಲದ ಎಂಟು ತಿಂಗಳು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಕೋಟು ಹೊಲಿಯುವ ಅಂಗಡಿಯಲ್ಲಿ ಮೂವತ್ತು ವರ್ಷ ಕೈಯಲ್ಲೇ ಕಾಜಾ ಹಾಕಿದವಳು. ಗುಂಡಿ ತೂರುವ ಆ ಪುಟ್ಟ ಸೀಳಿನ ಅಂಚಿಗೆ ಅವಳು ನೂಲು ಸುತ್ತಿದರೆ ಕೋಟು ಹರಿದರೂ ಕಾಜಾ ಹರಿಯದು. ನಮಗೆಲ್ಲ ಅವಳು ಕಾಜಾ ಅತ್ತೆ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಎರಡು ಕೈ ಮತ್ತು ಒಬ್ಬ ತಮ್ಮ. ಎರಡನ್ನೂ ಕಣ್ಣು ಮುಚ್ಚಿ ನಂಬಿದ್ದಳು.

ಪ್ರತಿ ಭಾನುವಾರ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದರೆ ಅಕ್ಕ ತಮ್ಮ ಇಬ್ಬರೂ ಚಿಕ್ಕಂದಿನ ವಿಡಿಯೋ ಗೇಮ್ ಆಡುತ್ತಿದ್ದರು. ಕ್ಯಾಸೆಟ್ ಹಾಕುವ ಹಳೇ ಕಾಲದ್ದು. ಒಂದು ಮೊಲ ಓಡುತ್ತಿರುತ್ತದೆ, ಬಟನ್ ಒತ್ತಿ ಹಳ್ಳ ಹಾರಿಸಬೇಕು. ಸೋತವರು ಊಟದ ಪಾತ್ರೆ ತೊಳೆಯಬೇಕು. ತೊಳೆಯುತ್ತಿದ್ದದ್ದು ಯಾವಾಗಲೂ ಅಪ್ಪನೇ. ಬಟನ್ ಸರಿಯಿಲ್ಲ, ವೈರ್ ಸಡಿಲ ಎಂದು ಅವನು ಗೊಣಗಿದರೆ ಅತ್ತೆ ನಗುತ್ತಿದ್ದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಹೋಗೋ, ಪಾತ್ರೆ ತೊಳಿ."

ಡಬ್ಬಾ ಟಿವಿ ಕೆಟ್ಟಾಗ ಅಪ್ಪ ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿ ತಂದ. ಅದರಲ್ಲಿ ನಮ್ಮ ಮೊಲ ಅಡ್ಡಡ್ಡ ಹಿಗ್ಗಿ ಹಂದಿಮರಿಯಾಯಿತು, ಅಂಚೆಲ್ಲ ಮಸುಕು. ಅತ್ತೆ ಕಣ್ಣು ಕಿರಿದು ಮಾಡಿದ್ದನ್ನು ಕಂಡು ಅಪ್ಪ ರಿಮೋಟ್ ಎತ್ತಿಕೊಂಡ.

"ತಾಳಕ್ಕ, ನಿಂಗೆ ಚಿತ್ರ ಚೆಂದ ಮಾಡ್ಕೊಡ್ತೀನಿ."

ಬಣ್ಣ ತುಂಬಿಕೊಂಡಿತು, ಅಂಚು ನುಣುಪಾಯಿತು. ತನ್ನ ಸರದಿ ಬಂದಾಗ ಮತ್ತೆ ರಿಮೋಟ್ ಒತ್ತಿ, "ನಂಗೆ ಆ ಮಸುಕೇ ಸಾಕು" ಅಂದ. ಪ್ರತಿ ವಾರ ಇದೇ ಉಪಚಾರ.

"ನೋಡೇ, ನಿಮ್ಮಪ್ಪಂಗೆ ನನ್ನ ಮೇಲೆ ಎಷ್ಟು ಕಾಳಜಿ," ಎಂದು ಅತ್ತೆ ನನಗೆ ಹೇಳುತ್ತಿದ್ದಳು.

ಆದರೆ ಸೋಲತೊಡಗಿದಳು. ಅವಳು ಬಟನ್ ಒತ್ತುವಷ್ಟರಲ್ಲಿ ಮೊಲ ಹಳ್ಳದಲ್ಲಿರುತ್ತಿತ್ತು. ಟಿವಿಯನ್ನು ದೂರಲು ಅವಳಿಗೆ ಬಾಯಿ ಬರಲಿಲ್ಲ. ತಮ್ಮನಿಗೆ ಜೀವಮಾನವಿಡೀ ಹೇಳಿದ ಗಾದೆ ಅಡ್ಡ ಬಂತು. ಕೈಯನ್ನೇ ದೂರಿಕೊಂಡಳು. ಸೂಜಿ ಹಿಡಿದಾಗಲೂ ಅದೇ ಅನುಮಾನ. ಸರಿಯಾಗಿ ಹಾಕಿದ ಕಾಜಾವನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಹೊಸ ಟಿವಿ ಬಂದ ಎಂಟನೇ ತಿಂಗಳು, ಊಟದ ನಡುವೆ ಒಂದು ಮಾತು ಹೇಳಿದಳು.

"ಅಂಗಡಿ ಕೆಲ್ಸ ಬಿಟ್ಟೆ ಕಣೋ. ಕೈ ನಿಧಾನ ಆಗಿದೆ. ಯಾರದೋ ಕೋಟು ಹಾಳು ಮಾಡೋದು ಬೇಡ."

ಅಪ್ಪ ತಟ್ಟೆ ನೋಡುತ್ತಲೇ, "ವಯಸ್ಸಾಯ್ತಲ್ಲಕ್ಕ" ಅಂದ.

ಮುಂದಿನ ಭಾನುವಾರ ಅಪ್ಪ ತನ್ನ ಸರದಿ ಮುಗಿಸಿದ್ದೇ ತಡ, ಫೋನ್ ಬಂದು ಹೊರಗೆ ಹೋದ. ಅತ್ತೆ ರಿಮೋಟ್ ಮುಟ್ಟದೆ ಆಡಲು ಕೂತಳು. ಆ ಮಸುಕು ಚಿತ್ರದಲ್ಲಿ ಒಂದೇ ಒಂದು ಹಳ್ಳಕ್ಕೂ ಬೀಳದೆ ಕೊನೆ ಮುಟ್ಟಿದಳು. ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನನಗೇನೋ ಹೊಳೆದು, ರಿಮೋಟ್ ಒತ್ತಿ ಅಪ್ಪನ ಚೆಂದದ ಚಿತ್ರ ಹಾಕಿ, "ಈಗ ಆಡಿ ಅತ್ತೆ" ಅಂದೆ. ಮೊದಲ ಹಳ್ಳದಲ್ಲೇ ಮೊಲ ಬಿತ್ತು. ಟಿವಿ ಚಿತ್ರಕ್ಕೆ ಅಲಂಕಾರ ಮಾಡುತ್ತಾ ಕೂತು, ಎಲ್ಲವನ್ನೂ ಒಂದು ಕ್ಷಣ ತಡವಾಗಿ ತೋರಿಸುತ್ತಿತ್ತು.

ಅಪ್ಪ ಒಳಗೆ ಬಂದು ಇಬ್ಬರ ಮುಖವನ್ನೂ ನೋಡಿದ.

"ನಿಂಗೆ ಗೊತ್ತಿತ್ತಾ?" ಅತ್ತೆ ಕೇಳಿದಳು.

"ಮೊದಲನೇ ವಾರವೇ ಗೊತ್ತಾಯ್ತಕ್ಕ. ಒಂದ್ಸಲ ನಾನೂ ಗೆಲ್ಬೇಕು ಅನ್ನಿಸ್ತು…"

"ಒಂದ್ಸಲ ಗೆದ್ದಿದ್ರೆ ನಾನೇ ಚಪ್ಪಾಳೆ ತಟ್ತಿದ್ದೆ. ಕೆಲ್ಸ ಬಿಟ್ಟೆ ಅಂದಾಗ ನೀನು ಎದುರಿಗೇ ಕೂತಿದ್ಯಲ್ಲೋ. ಆಗಲಾದ್ರೂ ಬಾಯಿ ಬಿಡಬಾರದಿತ್ತಾ?"

ಹೆತ್ತ ತಂದೆಯೇ ಆದರೂ ಹೇಳುತ್ತೇನೆ, ನಂಬಿದವರ ಕುತ್ತಿಗೆ ಕೊಯ್ಯುವುದು ಅಂದರೆ ಇದೇ.

ಮಾರನೇ ದಿನ ಅತ್ತೆ ಅಂಗಡಿಗೆ ಹೋದಳು. ಕಿಟಕಿ ಪಕ್ಕದ ಅವಳ ಜಾಗದಲ್ಲಿ ಕಾಜಾ ಹಾಕುವ ಮೆಷಿನ್ ಬಂದು ಕೂತಿತ್ತು. ಮಾಲೀಕರು ಕೂರಿಸಿ ಟೀ ಕೊಟ್ಟು ಕಳಿಸಿದರು.

ಅಪ್ಪ ರಿಪೇರಿ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಡಬ್ಬಾ ಟಿವಿ ಹೊತ್ತು ತಂದ. ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ಬಾರಕ್ಕ, ಮೊದಲಿನ ಹಾಗೇ ಆಡೋಣ" ಎಂದು ಗೋಗರೆದ. ಪಕ್ಕದಲ್ಲಿದ್ದ ನನಗೂ ಅತ್ತೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

"ಕೈ ಮೇಲೆ ನಂಬಿಕೆ ವಾಪಸ್ ಬಂತು ಕಣೋ. ನಿನ್ನ ಮೇಲೆ ಬರ್ಲಿಲ್ಲ."