ಲಕ್ಕೂರಿನಲ್ಲಿ ಹಳೆಯ ರೀಸ್ಲಿಂಗ್

ಬೆಳಿಗ್ಗೆ ಹಾಲು ಕಾಯಿಸಿ ಎಂದಿನಂತೆ ಪಾತ್ರೆಯನ್ನು ಯಜಮಾನರ ಮೂಗಿನ ಹತ್ತಿರ ಹಿಡಿದೆ. "ಸೀದಿಲ್ಲ ಕಣೇ, ಕಾಫಿ ಮಾಡು" ಎಂದರು. ಚಳಿಗಾಲದಲ್ಲಿ ಬಂದ ಜ್ವರ ನನ್ನ ಮೂಗಿನಿಂದ ವಾಸನೆಯನ್ನೇ ಒಯ್ದಿತ್ತು. ಗ್ಯಾಸ್ ಸೋರಿದರೂ ತಿಳಿಯದೆಂಬ ಭಯಕ್ಕೆ ಒಬ್ಬಳೇ ಇದ್ದಾಗ ಒಲೆ ಹಚ್ಚುತ್ತಿರಲಿಲ್ಲ. ದಿನವೂ ಬಗೆಬಗೆಯ ಪದಾರ್ಥ ಮೂಸಿ ಅಭ್ಯಾಸ ಮಾಡಿ ಎಂದಿದ್ದರು ಡಾಕ್ಟರು. ಕೆಲಸದ ಮೇಲೆ ಜರ್ಮನಿ, ಆಸ್ಟ್ರಿಯಾ ಸುತ್ತಿಬಂದ ತಂಗಿಯ ಗಂಡ ಮೋಹನ್ ವೈನ್ ತಂದಿದ್ದರು. "ಔಷಧಿ ಅಂದ್ಕೊಂಡು ಬಾರೇ ಅಕ್ಕ" ಎಂದು ತಂಗಿ ಲತಾ ಫೋನು ಮಾಡಿದ್ದಳು.

ಮುಳಬಾಗಿಲಿನಿಂದ ಸರ್ಕಾರಿ ಬಸ್ಸು ಹಿಡಿದೆ. ಆಧಾರ್ ತೋರಿಸಿದರೆ ಹೆಂಗಸರಿಗೆ ದುಡ್ಡಿಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆ ಬಂದಾಗ ಪಕ್ಕದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನೂ ಸುಮ್ಮನೆ ಮುಚ್ಚಿಕೊಂಡೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಾಲೂರು, ಮುಂದೆ ಆಟೋದಲ್ಲಿ ಲಕ್ಕೂರಿನ ಲತಾ ಮನೆ. ಬಿಸಿಲು ಚುರುಗುಟ್ಟುತ್ತಿತ್ತು.

ಊಟದ ಮೇಜಿನ ಮೇಲೆ ಮೂರು ಜರ್ಮನ್ ಬಾಟಲಿ, ಒಂದು ಆಸ್ಟ್ರಿಯಾದ್ದು. "ಈ ಮೂರೂ ರೀಸ್ಲಿಂಗ್ ಅನ್ನೋ ದ್ರಾಕ್ಷಿ, ತೋಟವೂ ಒಂದೇ. ವರ್ಷ ಬೇರೆ ಅಕ್ಕ. ಯಾವ ವರ್ಷ ಬಿಸಿಲು, ಯಾವ ವರ್ಷ ಮಳೆ, ಎಲ್ಲಾ ಗೊತ್ತಾಗುತ್ತೆ" ಎಂದರು ಮೋಹನ್.

ಮೊದಲ ಗ್ಲಾಸು ಎತ್ತಿ, ತುಟಿಗೆ ತಾಗಿಸದೆ ಬಾಯಿಗೆ ಸುರಿದುಕೊಂಡೆ. ಹುಳಿ. ಎರಡನೆಯದು, ಅದಕ್ಕೂ ಹಿಂದಿನ ವರ್ಷದ್ದು, ಅದೂ ಹುಳಿ. ನನಗೆ ಇನ್ನು ಇಷ್ಟೇ ಎನಿಸಿತು.

ಲತಾ ಬಿದ್ದು ಬಿದ್ದು ನಕ್ಕಳು. "ಇದೇನು ಮಜ್ಜಿಗೆನೇನೇ, ಎತ್ತಿ ಸುರ್ಕೊಳ್ಳೋಕೆ? ಕಚ್ಚಿ ಕುಡಿಯೇ. ಮೂಗು ಗ್ಲಾಸಿನೊಳಗೆ ಹೋಗ್ಬೇಕು!"

"ಎಂಜಲು ಕಣೇ..."

"ನಿನ್ನ ಎಂಜಲು ನಿಂಗೇ. ನಾನೇ ತೊಳೀತೀನಿ, ಕುಡಿ."

ಕಾನ್ವೆಂಟಿನ ಸಿಸ್ಟರುಗಳು ಫೋರ್ಕು ಹಿಡಿಯುವುದನ್ನು ಕಲಿಸಿದ್ದರು. ಆದರೆ ಕಚ್ಚಿ ಕುಡಿಯಲು ನಮ್ಮಜ್ಜಿ ಬಿಟ್ಟಿರಲಿಲ್ಲ. ಮೂರನೆಯದಕ್ಕೆ, ಎಲ್ಲಕ್ಕಿಂತ ಹಳೆಯದಕ್ಕೆ, ಮೂಗು ಇಳಿಸಿದೆ. ಮೊದಲು ಏನೂ ಇಲ್ಲ. ಮತ್ತೊಮ್ಮೆ ಎಳೆದುಕೊಂಡೆ.

"ಮೋಹನ್, ಇದು ಕೆಟ್ಟುಹೋಗಿದೆ. ಸೀಮೆಎಣ್ಣೆ ವಾಸನೆ."

"ಕೆಟ್ಟಿಲ್ಲ ಅಕ್ಕ, ರೀಸ್ಲಿಂಗ್ ಹಳೇದಾದ್ರೆ ಹಾಗೇನೇ" ಎಂದು ಅವರು ನಗುತ್ತಿದ್ದಂತೆ ಲತಾ ನನ್ನ ಕೈ ಹಿಡಿದಳು. "ಏನಂದೆ? ವಾಸನೆ ಅಂದ್ಯಾ?"

ಆಗಲೇ ನನಗೂ ಹೊಳೆದದ್ದು. ಅವಸರದಲ್ಲಿ ಆಸ್ಟ್ರಿಯಾದ್ದನ್ನು ಮೂಸಿದೆ. ಮೆಲ್ಲಗೆ, ದೂರದಿಂದ ಬಂದಂತೆ, ಸಾರಿಗೆ ಆಗತಾನೇ ಕುಟ್ಟಿದ ಕಾಳುಮೆಣಸು. ಮೊದಲಿನ ಎರಡನ್ನೂ ಮತ್ತೆ ಮೂಸಿದೆ. ಒಂದರಲ್ಲಿ ಹಸಿರು ಸೇಬು, ಇನ್ನೊಂದರಲ್ಲಿ ನಿಂಬೆಸಿಪ್ಪೆ. ಕಣ್ಣು ತುಂಬಿ ಗ್ಲಾಸು ಮಸುಕಾಯಿತು.

ಸಂಜೆ ಮುಳಬಾಗಿಲಿನಲ್ಲಿ ನಮ್ಮ ಗೇಟು ತೆಗೆಯುವಾಗ ಪಕ್ಕದ ಮನೆ ಸರೋಜಮ್ಮ ಮೂಗು ಹಿಡಿದು ನಿಂತಿದ್ದರು. "ಥೂ, ಮೋರಿ ನಾತ! ನಿಮ್ಮನೆ ಕಡೇನೂ ಬರ್ತಿದ್ಯೇನ್ರೀ?"

"ಬರ್ತಿದೆ ರೀ" ಎಂದೆ, ಉಸಿರು ತುಂಬ ಎಳೆದುಕೊಂಡು. "ತುಂಬಾ ಚೆನ್ನಾಗಿ ಬರ್ತಿದೆ!"

"ಇವ್ರಿಗೊಂದು ತಮಾಷೆ" ಎನ್ನುತ್ತಾ ಅವರು ಒಳಗೆ ಹೊರಟರು. "ಊದುಬತ್ತಿ ಹಚ್ಚಿ ಕಿಟಕಿ ಹಾಕ್ಕೊಳ್ಳಿ."