ಒಂದು ಗಾಡಿ ದಿಂಬು

ನಮ್ಮ ಲಾರಿ ಸ್ಟ್ಯಾಂಡಿನಲ್ಲಿ ಪಂಕ್ಚರ್ ಹಾಕುವವನು ನಾನು. ಗಾಳಿ ಮಾರಿ ಹೊಟ್ಟೆ ಹೊರೆಯುವುದರಿಂದ, ಯಾರು ಗಾಳಿಗೋಪುರ ಕಟ್ಟಿದರೂ ನನಗೆ ಮೊದಲು ಗೊತ್ತಾಗುತ್ತದೆ.

ಹಗ್ಗದಣ್ಣನ ವಿಷಯಕ್ಕೆ ಬರುತ್ತೇನೆ. ಅವನ ಒಂದೇ ಲಾರಿಗೆ ಮಾಲೀಕ, ಡ್ರೈವರ್, ಕ್ಲೀನರ್ ಮೂರೂ ಅವನೇ. ಹಗ್ಗ ಬಿಗಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಅದಕ್ಕೇ ಆ ಹೆಸರು. ಈಗೀಗ ಇಲ್ಲಿಗೆ ಬರುವ ಲಾರಿ ಹೆಚ್ಚು, ಇಲ್ಲಿಂದ ಹೋಗುವ ಸರಕು ಕಮ್ಮಿ. ಖಾಲಿ ಗಾಡಿ ಕಂಡರೆ ಸಾಕು, ಬ್ರೋಕರು ಡೀಸೆಲ್ಲಿಗೂ ಸಾಲದ ಬಾಡಿಗೆ ಹೇಳುತ್ತಾನೆ. ಹತ್ತಾರು ಲಾರಿ ಇಟ್ಟ ಕಂಪನಿಯವರು ಅದಕ್ಕೂ ಹೂಂ ಅನ್ನುತ್ತಾರೆ. ಒಂಟಿ ಗಾಡಿಯವನು ಖಾಲಿಯಾಗಿ ಮನೆಗೆ ಹೋಗಬೇಕು.

ಹಗ್ಗದಣ್ಣನಿಗೆ ಆ ದಾರಿಯೂ ಮುಚ್ಚಿತ್ತು. ಇನ್ನೊಂದು ಸಲ ಖಾಲಿ ಬಂದರೆ ಗಾಡಿ ಮಾರಿ ತನ್ನ ಅಣ್ಣನ ಕಂಪನಿಯಲ್ಲಿ ಸಂಬಳದ ಡ್ರೈವರಾಗಬೇಕೆಂದು ಹೆಂಡತಿ ಹೇಳಿ ಕಳಿಸಿದ್ದಳು. ಆ ಭಾವನೋ, ಹಾರನ್ ಹೊಡೆಯಲೂ ಅಪ್ಪಣೆ ಕೇಳಿಸುವ ಆಸಾಮಿ.

ಆ ಬೆಳಿಗ್ಗೆ ನೋಡುತ್ತೇನೆ, ಇವನ ಖಾಲಿ ಗಾಡಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದೆ. ಒಳಗೆ ಬಿದಿರು ಕಟ್ಟಿ ಉಬ್ಬಿಸಿದ್ದ. ಯಾರು ನೋಡಿದರೂ ಲೋಡಾಗಿ ಹೊರಟು ನಿಂತ ಗಾಡಿ. ಆದರೆ ಭಾರ ಹೊತ್ತ ಟೈರು ಹೊಟ್ಟೆ ಬಿಡುತ್ತದೆ, ಇವನದು ಉಪವಾಸ ಕೂತಂತಿತ್ತು. ನಾನು ನೋಡಿಯೂ ನೋಡದವನಂತೆ ನನ್ನ ಪಂಕ್ಚರ್ ಕೆಲಸಕ್ಕೆ ಕೂತೆ.

ಹೊತ್ತೇರುವಷ್ಟರಲ್ಲಿ ಬ್ರೋಕರು ಓಡಿ ಬಂದ. ಅವನ ಟೈಲ್ಸ್ ಲೋಡು ಹಗ್ಗದಣ್ಣನ ಊರಿಗೇ, ಆವತ್ತೇ ಹೊರಡಬೇಕು. ಮಾತಾಡಿದ್ದ ಕಂಪನಿ ಲಾರಿ ಕೆಟ್ಟು ನಿಂತಿತ್ತು, ಮಿಕ್ಕವರು ಹಿಂದಿನ ಸಂಜೆಯೇ ಸಿಕ್ಕಿದ ದರಕ್ಕೆ ಹೊರಟುಹೋಗಿದ್ದರು. ಇದ್ದ ಸರಕು ಇಳಿಸಿ ತನ್ನದು ಹಾಕಿಕೊಂಡರೆ ಒಳ್ಳೆಯ ಬಾಡಿಗೆ ಕೊಡುವೆನೆಂದ. ಸರಕಿನ ಪಾರ್ಟಿಯನ್ನು ಕೇಳಬೇಕು ಎಂದು ಹಗ್ಗದಣ್ಣ ಗಂಭೀರವಾಗಿ ಹೆಂಡತಿಯ ನಂಬರು ಒತ್ತಿ ಸ್ಪೀಕರು ಹಾಕಿದ. ಮೇಡಂ, ನಿಮ್ಮ ಸರಕು ಇಳಿಸು ಅಂತಿದ್ದಾರೆ ಎಂದನೋ ಇಲ್ಲವೋ, ಬ್ರೋಕರು ಫೋನು ಕಿತ್ತುಕೊಂಡ. ಅವನ ಕಣ್ಣು ಟೈರಿನ ಮೇಲಿತ್ತು.

"ಏನಮ್ಮಾ ಸರಕು ನಿಮ್ದು?"

ಹಗ್ಗದಣ್ಣನ ಮುಖ ಬಿಳಿಚಿಕೊಂಡಿತು. ಯಾವ ಸರಕು ಎಂದು ಆಕೆ ಕೇಳಿದರೆ ಗಾಡಿ ಹೋದಂತೆಯೇ. ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ದಿಂಬು," ಎಂದಳು. "ಗಾಡಿ ತುಂಬ ದಿಂಬು. ಇಳಿಸೋದಾದ್ರೆ ಇಳಿಸ್ಕೊಳ್ಳಿ. ಆದ್ರೆ ಇಳಿಸೋ ಕೂಲಿ ಯಾರು ಕೊಡ್ತಾರೆ?"

ದಿಂಬಿಗೆ ಯಾವ ಟೈರೂ ಹೊಟ್ಟೆ ಬಿಡುವುದಿಲ್ಲವಲ್ಲ. ಬ್ರೋಕರು ಬಾಡಿಗೆಗೂ ಒಪ್ಪಿದ, ಕೂಲಿಗೂ ಒಪ್ಪಿದ.

ಹಗ್ಗದಣ್ಣ ಗಾಡಿಯನ್ನು ಹಿಂದಿನ ಬೀದಿಗೆ ಒಯ್ದು, ಬಿದಿರು ಬಿಚ್ಚಿ, ನಿಧಾನವಾಗಿ ಟೀ ಕುಡಿದು, ಎಲ್ಲ ಇಳಿಸಿದವನಂತೆ ಬೆವರು ಒರೆಸಿಕೊಳ್ಳುತ್ತ ಬಂದ. ಹಿಂಬಾಗಿಲು ತೆರೆದರೆ ಮೂಲೆಯಲ್ಲಿ ಅವನ ಹಾಸಿಗೆ ಸುರುಳಿ, ಅದರ ಮೇಲೆ ಜಿಡ್ಡುಗಟ್ಟಿದ ಒಂದು ದಿಂಬು. ಬ್ರೋಕರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದೊಂದು ಇಳಿಸೋದು ಮರೆತ್ಯೇನಯ್ಯಾ?"

ನಗು ತಡೆಯಲಾಗದೆ ನಾನು ಟ್ಯೂಬು ಮುಳುಗಿಸುವ ತೊಟ್ಟಿಗೆ ಮುಖ ಬಗ್ಗಿಸಿದೆ. ಆದರೆ ಬ್ರೋಕರು ಕೊಟ್ಟ ಮಾತು ತಪ್ಪಲಿಲ್ಲ. ಟೈಲ್ಸ್ ತುಂಬಿಸಿದ.

ಹೊರಡುವ ಮುಂಚೆ ಹಗ್ಗದಣ್ಣ ಮನೆಗೆ ಫೋನ್ ಮಾಡಿ, ಗಾಡಿ ಮಾರಲೇಬೇಕಾ ಎಂದು ಮೆಲ್ಲಗೆ ಕೇಳಿದ.

"ಯಾಕ್ರೀ ಮಾರೋದು? ನೀವು ಓಡಿಸಿ ಸಾಕು. ಬಾಡಿಗೆ ಮಾತು ಇನ್ಮೇಲೆ ನಂದು."

ಅವನ ಕಣ್ಣು ತುಂಬಿ ಬಂತು. ನನ್ನ ಗಾಳಿ ಮೆಷಿನ್ನಿನ ಧೂಳು ಎಂದು ನನ್ನನ್ನೇ ಬೈದು ಹತ್ತಿ ಕೂತ.

ಈಗ ಲೋಡಿದ್ದರೆ ಬ್ರೋಕರು ಹಗ್ಗದಣ್ಣನನ್ನು ಮಾತಾಡಿಸುವುದೇ ಇಲ್ಲ. ನೇರವಾಗಿ ದಿಂಬಿನಮ್ಮನಿಗೇ ಫೋನ್ ಮಾಡುತ್ತಾನೆ, ಇಳಿಸುವ ಕೂಲಿ ಯಾರದೆಂದು ಮೊದಲೇ ಕೇಳಿಕೊಳ್ಳುತ್ತಾನೆ.